ನೀರಿಗೆ ಹೇಳುವ ನುಡಿ

ಯಂತ್ರಕ್ಕೆ ಯಾವ ಭಾಷೆಯಲ್ಲಿ ಹೇಳಬೇಕು ಎಂದು ತೋಳು ಮಡಚಿ ಜಗಳಕ್ಕೆ ನಿಲ್ಲುವ ಕಂಪ್ಯೂಟರಿನವರನ್ನು ನೀವು ನೋಡಿರಬಹುದು. ಯಾರು ಬೇಕಾದರೂ ಎತ್ತಿಕೊಂಡು ಹೋಗಲಿ, ಯಾರು ಬೇಕಾದರೂ ತಿದ್ದಲಿ ಎಂದು ಎಲ್ಲರ ಮುಂದೆ ಇಟ್ಟ ಬರಹ ಯಾವ ಭಾಷೆಯಲ್ಲಿದ್ದರೆ ಚೆನ್ನ ಎಂದು ಅವರು ಹಗಲೆಲ್ಲ ಹಲ್ಲು ಕಡಿಯುತ್ತಾರೆ. ನಗಬೇಡಿ. ಅದೇ ಜಗಳದಲ್ಲಿ ಒಂದು ಊರು ಹೋಯಿತು.

ಆ ಊರಿನಲ್ಲಿ ನೀರು ತಾನಾಗಿ ಹರಿಯುತ್ತಿರಲಿಲ್ಲ. ಇಳಿಜಾರು ಕಂಡರೂ ಹರಿಯುತ್ತಿರಲಿಲ್ಲ, ತೂಬು ತೆಗೆದರೂ ಹರಿಯುತ್ತಿರಲಿಲ್ಲ. ಕೊಡ ಮುಳುಗಿಸಿದರೆ ಕೊಡ ಬರಿದಾಗಿಯೇ ಮೇಲೆ ಬರುತ್ತಿತ್ತು. ನೀರಿಗೆ ಹೇಳಬೇಕಿತ್ತು. ಹೇಳಿದರೆ ಹರಿಯುತ್ತಿತ್ತು, ಹೇಳಿದಲ್ಲಿಗೆ ಹರಿಯುತ್ತಿತ್ತು, ಹೇಳಿದ ಹಾಗೆ ಹರಿಯುತ್ತಿತ್ತು.

ಊರು ಒಂದು ಬೋಗುಣಿಯ ಹಾಗಿತ್ತು. ಬೋಗುಣಿಯ ಅಂಚಿನಲ್ಲಿ ಕೆರೆ; ಆ ಕೆರೆಯ ತಳ ಕಂಡವರಿಲ್ಲ. ಕೆರೆಯ ತೂಬಿನ ಪಕ್ಕದಲ್ಲಿ ಬಾಗಿಲಿಲ್ಲದ ಒಂದು ಮಂಟಪ. ನೀರಿಗೆ ಹೇಳುವ ಹೇಳಿಕೆಗಳನ್ನೆಲ್ಲ ಮಂಟಪದ ಕಂಬಗಳ ಮೇಲೆ ಕೆತ್ತಿದ್ದರು. ಕುಡಿಯುವ ನೀರಿಗೆ ಒಂದು ಕಂಬ, ಗದ್ದೆಯ ನೀರಿಗೆ ಒಂದು ಕಂಬ, ಹೆಣ ತೊಳೆಯುವ ನೀರಿಗೆ ಒಂದು ಕಂಬ. ಕೆತ್ತಿದವರ ಹೆಸರು ಯಾವ ಕಂಬದ ಮೇಲೂ ಇರಲಿಲ್ಲ. ಯಾವ ಊರಿನವರು ಬೇಕಾದರೂ ಬಂದು ಓದಿಕೊಂಡು ಹೋಗಿ ತಮ್ಮ ಊರಿನಲ್ಲಿ ಕೆತ್ತಿಸಿಕೊಳ್ಳಬಹುದಿತ್ತು. ತಪ್ಪು ಕಂಡವರು ಉಳಿ ಹಿಡಿದು ತಿದ್ದಬಹುದಿತ್ತು. ತಿದ್ದಿದ ಮಾತಿನಿಂದ ಬಂದ ನೀರನ್ನು ಮೊದಲು ತಿದ್ದಿದವರೇ ಕುಡಿಯಬೇಕು ಎಂಬುದು ಕಟ್ಟಳೆ.

ಇನ್ನೊಂದು ಕಟ್ಟಳೆಯೂ ಇತ್ತು. ಇಡೀ ಮಂಟಪಕ್ಕೆ ಒಂದೇ ನುಡಿ. ಕಂಬಗಳ ಮೇಲೆ ಯಾವ ನುಡಿ ಇದೆಯೋ ಆ ನುಡಿಗೆ ಮಾತ್ರ ಆ ಊರಿನ ನೀರು ಕಿವಿಗೊಡುತ್ತಿತ್ತು. ಬೇರೆ ನುಡಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದರೂ ನೀರಿಗೆ ಅದು ಬರೀ ಗಾಳಿಯ ಸದ್ದು.

ಹಿಂದಿನಿಂದಲೂ ಕಂಬಗಳ ಮೇಲಿದ್ದದ್ದು ಓಟದ ನುಡಿ. ಓಟದ ನುಡಿಯಲ್ಲಿ ಹೇಳಿದರೆ ಮಾತು ಮುಗಿಯುವುದರೊಳಗೆ ನೀರು ಓಡಿಬಿಡುತ್ತಿತ್ತು. ಯಾರಿಗೆ ಎಂದು ಕೇಳುತ್ತಿರಲಿಲ್ಲ, ಎಲ್ಲಿಯ ತನಕ ಎಂದೂ ಕೇಳುತ್ತಿರಲಿಲ್ಲ. ನಿಲ್ಲಬೇಕಾದರೆ ಓಡಿಸಿದವರೇ ಸಾಕು ಎನ್ನಬೇಕಿತ್ತು. ಆ ನುಡಿಯಲ್ಲಿ ಸಾಕು ಎನ್ನುವ ಮಾತನ್ನು ಕೊನೆಯ ಕಂಬದ ಬುಡದಲ್ಲಿ, ಎಲ್ಲಕ್ಕಿಂತ ಆಳವಾಗಿ ಕೆತ್ತಿದ್ದರು. ಹೋಗುವವರು ಬರುವವರು ಅದನ್ನು ಮುಟ್ಟಿ ಮುಟ್ಟಿ ಅಕ್ಷರದ ಅಂಚು ನುಣುಪಾಗಿತ್ತು.

ಓಟದ ನುಡಿ ಬಲ್ಲವರಲ್ಲಿ ಎತ್ತಿದ ಕೈ ತೂಬಿನಜ್ಜನದು. ಅವನು ತೂಬಿನ ಮೇಲೆ ನಿಂತು ಒಂದು ಮಾತು ಬಿಸಾಡಿದರೆ ನೀರು ನೆಲ ಮುಟ್ಟದೆ ಹಾರುತ್ತಿತ್ತು. ದೂರದ ಊರುಗಳವರು ಅದನ್ನು ನೋಡುವುದಕ್ಕೆಂದೇ ಬರುತ್ತಿದ್ದರು. ಹೊಗಳಿಸಿಕೊಳ್ಳುವುದು ಅಜ್ಜನಿಗೆ ಬಹಳ ಇಷ್ಟ.

ಇನ್ನು ಅಕ್ಕ. ಅವಳಿಗೂ ಒಂದು ಹೆಸರಿತ್ತು. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವಳು ತಂಗಿಯೊಬ್ಬಳೇ. ತಂಗಿ ಹೋದ ಮೇಲೆ ಊರೆಲ್ಲ ಅವಳನ್ನು ಅಕ್ಕ ಎನ್ನತೊಡಗಿತು. ಕರೆದಾಗಲೆಲ್ಲ ಅವಳಿಗೆ ಹುಣ್ಣಿನ ಮೇಲೆ ಕೈಯಿಟ್ಟ ಹಾಗಾಗುತ್ತಿತ್ತು. ಬೇಡ ಎನ್ನಲಿಲ್ಲ. ಹುಣ್ಣು ಮಾಯುವುದು ಅವಳಿಗೆ ಬೇಕಿರಲಿಲ್ಲ.

ತಂಗಿ ಹೋದದ್ದು ಹೀಗೆ. ಬೋಗುಣಿಯ ತಳದಲ್ಲಿ, ಕುಂಬಾರಗಿತ್ತಿ ಮಡಕೆ ಸುಡುವ ಆವಿಗೆಯ ಪಕ್ಕದಲ್ಲಿ ಒಂದು ಸೊಪ್ಪಿನ ಮಡಿ ಇತ್ತು. ತಂಗಿ ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ದಂಟಿನ ಸೊಪ್ಪು ಕೀಳುತ್ತಿದ್ದಳು. ಮೇಲೆ ಅಜ್ಜ ಪರ ಊರಿನವರ ಎದುರು ನೀರು ಹಾರಿಸಿ ತೋರಿಸಿದ. ಅವರು ಭಲೇ ಎಂದರು. ಅಜ್ಜ ಅವರ ಕಡೆ ತಿರುಗಿದ, ಶಲ್ಯ ಸರಿಮಾಡಿಕೊಂಡ, ಅವರ ಹೊಗಳಿಕೆಯನ್ನು ಕೊನೆಯ ತನಕ ಕೇಳಿದ. ಅಷ್ಟರಲ್ಲಿ ಸಾಕು ಎನ್ನುವುದನ್ನು ಮರೆತ. ನೀರು ಓಡುತ್ತಲೇ ಇತ್ತು.

ಊರು ಮಂಟಪದಲ್ಲಿ ಸೇರಿತು. ಅಕ್ಕ ಒದ್ದೆ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಜ್ಜ ತಲೆ ತಗ್ಗಿಸಲಿಲ್ಲ.

“ನುಡಿಯಲ್ಲಿ ತಪ್ಪಿಲ್ಲ,” ಎಂದ. “ನುಡೀಲಿ ಸಾಕು ಅನ್ನೋ ಮಾತು ಇದೆ, ಕಂಬದ ಮೇಲೆ ಇದೆ, ಬೇಕಾದರೆ ಹೋಗಿ ನೋಡಿ. ಕೈ ತಪ್ಪೋದು ಯಾರಿಗೂ ಉಂಟು. ನೀರಿನ ಸದ್ದು ಕೇಳಿದ ಮೇಲೆ ಆ ಹುಡುಗಿ ಎದ್ದು ಬರಬೇಕಿತ್ತಪ್ಪ. ಕೂತೇ ಇದ್ದರೆ ಯಾರೇನು ಮಾಡೋಕಾಗುತ್ತೆ?”

ಊರು ಆ ಮಾತನ್ನು ನುಂಗಿಕೊಂಡು ಎದ್ದು ಹೋಯಿತು. ಅಕ್ಕ ನುಂಗಿಕೊಳ್ಳಲಿಲ್ಲ. ತಂಗಿಯ ತಾಮ್ರದ ತಂಬಿಗೆಯನ್ನು ಮನೆಯ ಗೂಡಿನಲ್ಲಿ ಬೋರಲು ಹಾಕಿದಳು. ಆ ಮುದುಕ ಒಂದು ತೊಟ್ಟು ನೀರಿಗೆ ನನ್ನ ಮುಂದೆ ಬಾಯಿ ಬಿಡುವ ತನಕ ಇದು ನೆಟ್ಟಗಾಗುವುದಿಲ್ಲ ಎಂದು ಗೂಡಿಗೆ ಹೇಳಿದಳು. ಗೂಡಿಗೆ ಹೇಳಿದ ಮೇಲೆ ಮನೆಯ ಬಾಗಿಲು ಎಳೆದುಕೊಂಡು ಗುಡ್ಡ ಹತ್ತಿದಳು.

ಗುಡ್ಡದ ಆಚೆ ಪ್ರಶ್ನೆಯ ನುಡಿಯ ಊರಿತ್ತು. ಅಲ್ಲಿ ನೀರು ಹೇಳಿದ ಕೂಡಲೇ ಹೊರಡುತ್ತಿರಲಿಲ್ಲ. ಎದ್ದು ನಿಂತು ಕೇಳುತ್ತಿತ್ತು: ಯಾರಿಗೆ? ಎಲ್ಲಿಯ ತನಕ? ಯಾರ ಹೊಣೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಹೆಜ್ಜೆ ಎತ್ತುತ್ತಿತ್ತು. ಆ ಊರಿನಲ್ಲಿ ನೀರಿಗೆ ಸಿಕ್ಕಿ ಯಾರೂ ಸತ್ತಿರಲಿಲ್ಲ. ಆ ನುಡಿ ನಾಲಿಗೆಗೆ ಅಷ್ಟು ಸುಲಭವಲ್ಲ. ಒಂದು ಲೋಟ ನೀರಿಗೆ ಬಾಯಿ ನೋಯುತ್ತಿತ್ತು. ಎಳೆಯ ನಾಲಿಗೆಯಾದರೆ ಹೇಗೋ ಬಾಗುತ್ತಿತ್ತು, ಓಟದ ನುಡಿಯಲ್ಲಿ ನುರಿತ ಮುದಿ ನಾಲಿಗೆ ಬಾಗುವ ಮಾತೇ ಇರಲಿಲ್ಲ. ಅದನ್ನು ತಿಳಿದ ದಿನ ಅಕ್ಕ, ತಂಗಿ ಹೋದ ಮೇಲೆ ಮೊದಲ ಸಲ, ಹೊಟ್ಟೆ ತುಂಬ ಉಂಡಳು.

ಕಲಿಸುವವಳು ಅವಳಿಗೆ ಎಲ್ಲವನ್ನೂ ಹೇಳಿದಳು.

“ಈ ನುಡೀಲಿ ಹೆಸರು ಹೇಳಿ ಕರೆದ ನೀರು ಆ ಹೆಸರಿನವರದ್ದೇ. ಇನ್ನೊಬ್ಬರ ಬಾಯಿಗೆ ಅದು ಇಳಿಯಲ್ಲ. ಅದಕ್ಕೇ ನಮ್ಮಲ್ಲಿ ಮಕ್ಕಳು ಮೊದಲು ನುಡಿ ಕಲೀತಾರೆ, ಆಮೇಲೆ ನಡೆಯೋದು. ಇನ್ನೊಂದು ಕೇಳಿಸಿಕೋ ತಾಯಿ. ಈ ನುಡೀಲಿ ಸಾಕು ಅನ್ನೋ ಮಾತಿಲ್ಲ.”

“ಅದರ ಅಗತ್ಯವೇ ಇಲ್ಲವಲ್ಲ. ಎಲ್ಲಿಯ ತನಕ ಅಂತ ಮೊದಲೇ ಹೇಳಿರ್ತೀವಿ.”

“ಹೇಳಿರ್ತೀವಿ. ಆದರೆ ಹೇಳಿದ ಕೊನೆ ಬರೋ ಅಂಥದ್ದಾ, ಬಾರದೇ ಇರೋ ಅಂಥದ್ದಾ ಅಂತ ನೀರು ಪರೀಕ್ಷೆ ಮಾಡಲ್ಲ. ಹೇಳಿದ್ದನ್ನ ನಂಬುತ್ತೆ. ಕೊನೆ ಬಾರದೇ ಹೋದರೆ, ಯಾರ ಹೊಣೆ ಅಂದಿರ್ತೀಯೋ ಅವರನ್ನ ಹುಡುಕಿಕೊಂಡು ಬರುತ್ತೆ. ತಿಳೀತಾ?”

“ತಿಳೀತು,” ಎಂದಳು ಅಕ್ಕ. ಅವಳ ಕಣ್ಣ ಮುಂದೆ ಒಣಗಿದ ತುಟಿಯ ಒಬ್ಬ ಮುದುಕ ಕೂತಿದ್ದ. ಕಲಿಸುವವಳ ಮಾತು ಅವನನ್ನು ದಾಟಿ ಅವಳ ತನಕ ಬರಲಿಲ್ಲ.

ಅಕ್ಕ ತಿರುಗಿ ಬಂದಾಗ ಊರಿನಲ್ಲಿ ಬೇರೆಯೇ ಗದ್ದಲ ಎದ್ದಿತ್ತು. ಕಂಬಗಳು ಸವೆದಿದ್ದವು. ತಿದ್ದಿದ್ದರ ಮೇಲೆ ತಿದ್ದಿ, ಅದರ ಮೇಲೆ ಇನ್ನೊಬ್ಬರು ತಿದ್ದಿ, ಯಾವ ಗೆರೆ ಯಾವ ಮಾತಿನದು ಎಂದು ತಿಳಿಯದ ಹಾಗಾಗಿತ್ತು. ಗದ್ದೆಗೆ ಕರೆದ ನೀರು ಹಿತ್ತಲಿಗೆ ಹೋಗುತ್ತಿತ್ತು. ಎಲ್ಲವನ್ನೂ ಕೆರೆದು ಹೊಸದಾಗಿ ಕೆತ್ತಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಹೊಸದಾಗಿಯೇ ಕೆತ್ತುವುದಾದರೆ ಯಾವ ನುಡಿಯಲ್ಲಿ ಎಂಬುದರಲ್ಲಿ ಮನೆಗೊಂದು ಮಾತಿತ್ತು. ಗಂಡ ಹೆಂಡತಿ ಬೇರೆ ಬೇರೆ ಒಲೆ ಹೂಡುವಷ್ಟು ಜಗಳವಾಯಿತು.

ಆಯ್ಕೆಯ ದಿನ ಮೂರು ನುಡಿಗಳನ್ನು ಮೂರು ಹಲಗೆಗಳ ಮೇಲೆ ಕೆತ್ತಿ ಮಂಟಪದಲ್ಲಿ ನಿಲ್ಲಿಸಿದರು. ಆ ಒಂದು ದಿನ ಮಾತ್ರ ನೀರು ಮೂರನ್ನೂ ಕೇಳುತ್ತಿತ್ತು. ಪ್ರತಿ ಹಲಗೆಯ ಮುಂದೆ ಒಂದು ಬರಿಯ ಬಾನಿ. ಯಾರಿಗೆ ಯಾವ ನುಡಿ ಬೇಕೋ ಆ ಬಾನಿಗೆ ಒಂದು ಬೊಗಸೆ ನೀರು ಹಾಕಬೇಕು. ತುಂಬಿದ ಬಾನಿಯ ನುಡಿ ಕಂಬಕ್ಕೆ.

ಮೊದಲು ಅಜ್ಜ ಎದ್ದ. ಓಟದ ನುಡಿಯಲ್ಲಿ ಒಂದು ಮಾತು ಬಿಸಾಡಿದ. ನೀರು ಕೆರೆಯಿಂದ ನೆಗೆದು ಊರ ಸುತ್ತ ಒಂದು ಸುತ್ತು ಬಂದು ಅವನ ಪಾದದ ಹತ್ತಿರ ನಿಂತಿತು. ಈ ಸಲ ಅವನು ಸಾಕು ಎನ್ನುವುದನ್ನು ಮರೆತಿರಲಿಲ್ಲ. ಮುದಿ ವಯಸ್ಸಿನಲ್ಲೂ ಏನು ಗತ್ತು ಎಂದು ಜನ ಬೆರಗಾದರು.

ಆಮೇಲೆ ಕುಂಬಾರಗಿತ್ತಿ ಎದ್ದಳು. ಅವಳದು ಸಂತೆ ನುಡಿ. ಕೊಳ್ಳುವವರು ಮಾರುವವರು ಮಕ್ಕಳು ಮರಿ ಎಲ್ಲರಿಗೂ ಬರುವಂಥದ್ದು. ಅವಳು ನೀರನ್ನು ಬಾ ನನ್ನವ್ವ ಎಂದು ಕರೆದಳು. ನೀರು ಬಂತು, ಆದರೆ ಏನು ಬರುವುದು! ಪ್ರತಿ ಮನೆಯ ಮುಂದೆ ನಿಂತು, ಒಳಗೆ ಇಣುಕಿ, ಇನ್ನೊಂದು ಸಲ ಕರೆಸಿಕೊಂಡು, ಜನ ಆಕಳಿಸುವ ಹೊತ್ತಿಗೆ ಬಂದು ತಲುಪಿತು. ಜನ ನಕ್ಕರು. ಕುಂಬಾರಗಿತ್ತಿಯೂ ನಕ್ಕಳು.

“ನಿಧಾನ, ಒಪ್ಪಿಕೊಂಡೆ,” ಎಂದಳು. “ಆದರೆ ತಪ್ಪಾದಾಗ ನಾನೂ ತಿದ್ದಬಲ್ಲೆ, ನನ್ನ ಸೊಸೇನೂ ತಿದ್ದಬಲ್ಲಳು. ಎಲ್ಲರ ಮಂಟಪ ಅಂತೀರಿ. ಓದೋಕೇ ಬಾರದ ಕಂಬ ಎಲ್ಲರದು ಹೇಗಾಗುತ್ತೆ?”

ಕೊನೆಗೆ ಅಕ್ಕ ಎದ್ದಳು. ಸೆರಗಿನೊಳಗಿಂದ ತಂಗಿಯ ತಂಬಿಗೆಯನ್ನು ತೆಗೆದು ಬೋರಲಾಗಿಯೇ ನೆಲದ ಮೇಲಿಟ್ಟಳು. ನೀರನ್ನು ಕರೆದಳು. ನೀರು ಎದ್ದು ನಿಂತು ಕೇಳಿತು: ಯಾರಿಗೆ? ಎಲ್ಲಿಯ ತನಕ? ಯಾರ ಹೊಣೆ? ನೀರು ಬಾಯಿ ಬಿಟ್ಟು ಕೇಳಿದ್ದನ್ನು ಆ ಊರು ಹಿಂದೆ ಕಂಡಿರಲಿಲ್ಲ. ಅಕ್ಕ ಆ ಮೂರು ಮಾತಿನ ಅರ್ಥವನ್ನು ಜನರಿಗೆ ಬಿಡಿಸಿ ಹೇಳಿದಳು.

“ಆವತ್ತು ನೀರು ಹೀಗೆ ಕೇಳಿದ್ದರೆ,” ಎಂದು ತಂಬಿಗೆಯನ್ನು ತೋರಿಸಿದಳು, “ಇವಳು ಸೊಪ್ಪು ಕಿತ್ತುಕೊಂಡು ಮನೆಗೆ ಬರ್ತಿದ್ದಳು.”

ಅಷ್ಟು ಹೇಳಿ ನಿಲ್ಲಿಸಿದಳು. ಹೆಸರಿಟ್ಟು ಕರೆದ ನೀರು ಇನ್ನೊಬ್ಬರ ಬಾಯಿಗೆ ಇಳಿಯುವುದಿಲ್ಲ ಎಂಬುದನ್ನು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹೇಳಲಿಲ್ಲ. ಆ ಮಾತು ಹೊರಬಿದ್ದರೆ ಜನ ಹಿಂಜರಿಯುತ್ತಾರೆ. ಹಿಂಜರಿಯದಿದ್ದರೂ ಒಳ್ಳೆಯ ಮನಸ್ಸಿನ ಯಾರಾದರೂ ಈಗಿನಿಂದಲೇ ಮುದುಕನ ಬಾಯಿಗೆ ನೀರಿನ ದಾರಿ ಹುಡುಕುತ್ತಾರೆ. ಅವಳು ಆರಿಸಿದ್ದು ತಂಗಿಯನ್ನು ಉಳಿಸಬಹುದಾಗಿದ್ದ ನುಡಿಯನ್ನಲ್ಲ, ಅಜ್ಜನ ಬಾಯಿಗೆ ಬಾರದ ನುಡಿಯನ್ನು. ಜನರೆದುರು ಮುಚ್ಚಿಟ್ಟರೂ ತನ್ನೆದುರು ಅವಳು ಅದನ್ನು ಮುಚ್ಚಿಡಲಿಲ್ಲ.

ಕುಂಬಾರಗಿತ್ತಿ ಅವಳ ಹತ್ತಿರ ಬಂದು ಮೆಲ್ಲಗೆ ಅಂದಳು: “ಅಕ್ಕ, ನಿನ್ನ ದುಃಖಕ್ಕೆ ಕೈ ಮುಗೀತೀನಿ. ನಿನ್ನ ಹಲಗೆಗೆ ಮುಗಿಯಲ್ಲ. ನಾಳೆ ಇದನ್ನ ಓದೋರು ನೀನೊಬ್ಬಳೇ ಅಲ್ವಾ?”

“ಕಲೀಲಿ, ದೊಡ್ಡವ್ವ. ನಾನು ಕಲಿತಿಲ್ವಾ?”

“ನೀನು ಕಲಿತದ್ದು ಬೇರೆ ಹಸಿವಿಗೆ.”

ಜನರ ಕಣ್ಣು ತಂಬಿಗೆಯ ಮೇಲೆ ನೆಟ್ಟಿತ್ತು. ಅಂದು ನುಂಗಿಕೊಂಡ ಮಾತು ಒಬ್ಬೊಬ್ಬರಿಗೂ ಈಗ ಗಂಟಲಲ್ಲಿ ಅಡ್ಡ ಬಂತು. ಒಬ್ಬೊಬ್ಬರೇ ಬಂದು ಅಕ್ಕನ ಬಾನಿಗೆ ಬೊಗಸೆ ಸುರಿದರು. ಬಾನಿ ತುಂಬಿ ಚೆಲ್ಲಿತು. ಅಜ್ಜ ಹಲಗೆಯ ಹತ್ತಿರ ಬಂದು ಮೊದಲ ಸಾಲನ್ನು ಉಚ್ಚರಿಸಲು ಬಾಯಿ ತೆರೆದ. ನಾಲಿಗೆ ಹಲ್ಲಿಗೆ ತಾಕಿ ಹಿಂದೆ ಬಿತ್ತು. ಇನ್ನೊಮ್ಮೆ ತೆರೆದ.

“ಇದಕ್ಕೆ ಇನ್ನೊಂದು ಜನ್ಮ ಎತ್ತಿ ಬರಬೇಕು,” ಎಂದು ನಗಲು ನೋಡಿದ. ಯಾರೂ ನಗಲಿಲ್ಲ.

ನುಡಿ ಬದಲಾದಾಗ ಗೆದ್ದವರೇ ಹಳೆಯ ಅಕ್ಷರಗಳನ್ನು ಕೆರೆಯಬೇಕು. ಕೆರೆದ ಪುಡಿಯನ್ನು ಹಳೆಯ ನುಡಿಯ ಹಿರಿಯನ ಶಲ್ಯಕ್ಕೆ ಹಾಕಬೇಕು. ಅಕ್ಕ ಉಳಿ ಹಿಡಿದಳು. ಕರ್‌ ಕರ್‌ ಎಂದು ಕೆರೆದಳು, ಪುಡಿ ಹಾಕಿದಳು. ಗದ್ದೆಯ ಕಂಬವನ್ನು ಕೆರೆದಳು, ಪುಡಿ ಹಾಕಿದಳು. ಹೆಣ ತೊಳೆಯುವ ನೀರಿನ ಕಂಬವನ್ನು ಕೆರೆದಳು, ಪುಡಿ ಹಾಕಿದಳು. ಅಜ್ಜ ಶಲ್ಯ ಒಡ್ಡಿಕೊಂಡು ಕಂಬದಿಂದ ಕಂಬಕ್ಕೆ ಅವಳ ಹಿಂದೆಯೇ ನಡೆದ. ಶಲ್ಯ ಭಾರವಾದಷ್ಟೂ ಅವನ ಬೆನ್ನು ಬಾಗುವುದನ್ನು ಅವಳು ಓರೆಗಣ್ಣಿನಲ್ಲಿ ನೋಡಿ ಸುಖಪಟ್ಟಳು.

ಕೊನೆಯ ಕಂಬದ ಬುಡಕ್ಕೆ ಬಂದಾಗ ಕುಂಬಾರಗಿತ್ತಿ ಅಡ್ಡ ನಿಂತಳು.

“ಈ ಒಂದನ್ನ ಬಿಡು. ಸಾಕು ಅನ್ನೋ ಮಾತಿನಿಂದ ಯಾರಿಗೂ ಕೆಟ್ಟದ್ದಾಗಲ್ಲ.”

“ಮಂಟಪಕ್ಕೆ ಒಂದೇ ನುಡಿ, ದೊಡ್ಡವ್ವ. ಕಟ್ಟಳೆ ನಾನು ಮಾಡಿದ್ದಲ್ಲ.”

“ಆ ಮಾತಿನ ಮೇಲೆ ನಿನಗೆ ಯಾಕವ್ವ ಇಷ್ಟು ಸಿಟ್ಟು?”

“ಬೇಕಾದಾಗ ಅದು ಅವನ ಬಾಯಿಗೆ ಬರಲಿಲ್ಲ,” ಎಂದು ಅಕ್ಕ ಮೊಣಕಾಲೂರಿ ಕೂತಳು. ಆ ಮಾತು ಎಲ್ಲಕ್ಕಿಂತ ಆಳವಾಗಿತ್ತು. ಅವಳು ಅದಕ್ಕಿಂತ ಆಳವಾಗಿ ಕೆರೆದಳು. ಕಲ್ಲಿನಲ್ಲಿ ಒಂದು ನುಣುಪಾದ ಗುಳಿ ಉಳಿಯಿತು. ಆ ಪುಡಿಯೂ ಬಿದ್ದ ಮೇಲೆ ಅಜ್ಜ ಶಲ್ಯಕ್ಕೆ ಗಂಟು ಹಾಕಿಕೊಂಡ.

ಹೊಸ ಅಕ್ಷರಗಳು ಕಂಬಕ್ಕೆ ಬಂದವು. ನೀರು ಹೊಸ ನುಡಿಗೆ ಕಿವಿಗೊಟ್ಟಿತು. ಅಕ್ಕ ಮೊದಲ ದಿನ ಊರವರ ಹೆಸರು ಹಿಡಿದು ನೀರು ಕರೆದಳು. ತಾಯಿಯ ನೀರು ತಾಯಿಯ ಕೊಡಕ್ಕೆ ಬಂತು. ಮಗು ಅತ್ತಾಗ ತಾಯಿ ತನ್ನ ಕೊಡದಿಂದ ಕುಡಿಸಲು ಹೋದಳು. ನೀರು ಮಗುವಿನ ತುಟಿಯ ತನಕ ಹೋಗಿ ಹಿಂದಿರುಗಿ ಕೊಡಕ್ಕೆ ಇಳಿಯಿತು. ಊರಿಗೆ ಆಗ ಗೊತ್ತಾಯಿತು. ಗೊತ್ತಾದವರು ಬೈದರು, ಗೊಣಗಿದರು, ಕೊನೆಗೆ ಕೊಡ ಹಿಡಿದು ಮಂಟಪದ ಮುಂದೆ ಸಾಲು ನಿಂತರು. ಮಂಟಪಕ್ಕೆ ಹಿಂದಿನ ಹಾಗೆಯೇ ಬಾಗಿಲಿರಲಿಲ್ಲ. ಯಾರು ಬೇಕಾದರೂ ಓದಬಹುದಿತ್ತು, ಯಾರು ಬೇಕಾದರೂ ತಿದ್ದಬಹುದಿತ್ತು. ಓದಲು ಬರುತ್ತಿದ್ದವಳು ಒಬ್ಬಳೇ. ಅವಳು ಬೆಳಗಿನಿಂದ ಬೈಗಿನ ತನಕ ಹೇಳಿದ್ದನ್ನೇ ಹೇಳುತ್ತಿದ್ದಳು: ಇವರಿಗೆ, ಈ ಕೊಡ ತುಂಬುವ ತನಕ, ಹೊಣೆ ನನ್ನದು. ಇವರಿಗೆ, ಈ ಮಡಿ ನೆನೆಯುವ ತನಕ, ಹೊಣೆ ನನ್ನದು. ಗಂಟಲು ಕಟ್ಟಿತು. ಕಲಿಯಲು ಬಂದವರು ಬಾಯಿ ನೋಯಿಸಿಕೊಂಡು ಹಿಂದಿರುಗಿದರು.

ಅಜ್ಜನ ಹೆಸರನ್ನು ಮಾತ್ರ ಅವಳು ಹೇಳಲಿಲ್ಲ.

ಅಜ್ಜ ಬಂದು ಮಂಟಪದ ಕೆಳಗಿನ ಮೆಟ್ಟಿಲ ಮೇಲೆ ಕೂತ. ಕೆರೆಯ ಕಡೆ ಮುಖ ಮಾಡಿ ಓಟದ ನುಡಿಯಲ್ಲಿ ಮೆಲ್ಲಗೆ ಕರೆದ. ನೀರು ಮಿಸುಕಲಿಲ್ಲ. ಕುಂಬಾರಗಿತ್ತಿ ತನ್ನ ಕೊಡದಿಂದ ಅವನ ಬೊಗಸೆಗೆ ಸುರಿದಳು. ನೀರು ಅವನ ಬೆರಳ ಸಂದಿಯಿಂದ ಇಳಿದು ಅವಳ ಕೊಡಕ್ಕೇ ಮರಳಿತು. ಅವನು ಕೈ ನೆಕ್ಕಿಕೊಂಡ, ಕೈ ಒಣಗಿತ್ತು. ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು. ನೋಡಿದಷ್ಟೂ ಅವಳಿಗೆ ಹಬ್ಬದೂಟ ಉಂಡ ಹಾಗಿತ್ತು. ಒಂದೇ ಕೊರತೆಯೆಂದರೆ ಮುದುಕ ಇನ್ನೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ಎದ್ದ. ಮೆಟ್ಟಿಲು ಹತ್ತುವಾಗ ಕಂಬ ಹಿಡಿದ. ಸಾಲಿನವರು ದಾರಿ ಬಿಟ್ಟರು. ಅವನ ತುಟಿ ಸೀಳಿತ್ತು.

“ನೀರು ಕೊಡಿಸವ್ವ,” ಎಂದ.

ಎಷ್ಟೋ ವರ್ಷ ಅವಳು ಮನಸ್ಸಿನಲ್ಲೇ ಕೇಳಿಸಿಕೊಂಡ ಮಾತು. ಈಗ ಹೊರಗೆ ಕೇಳಿದಾಗ ಅದು ಚಿಕ್ಕದಾಗಿತ್ತು.

“ಮೊದಲು ಇವರೆಲ್ಲರ ಮುಂದೆ ಹೇಳು,” ಎಂದಳು. “ಯಾರದು ತಪ್ಪು?”

ಅಜ್ಜ ಸಾಲಿನ ಕಡೆ ತಿರುಗಿದ.

“ನಂದು,” ಎಂದ. “ನುಡೀದಲ್ಲ, ಆ ಹುಡುಗೀದೂ ಅಲ್ಲ. ಸಾಕು ಅನ್ನೋ ಮಾತು ನನಗೆ ಬರ್ತಿತ್ತು, ನಾಲಿಗೆ ತುದೀಲೇ ಇತ್ತು. ಹೊಗಳ್ತಿದ್ದರು, ಕೇಳ್ತಾ ನಿಂತೆ. ಆಮೇಲೆ ದಿನಾ ಅಂದಿದ್ದೀನಿ ಕಣವ್ವ. ಏಳ್ತಾ ಸಾಕು, ಮಲಗ್ತಾ ಸಾಕು. ಯಾವ ನೀರು ನಿಲ್ಲಬೇಕು ಈಗ ಅದರಿಂದ? ಆವತ್ತೇ ಒಪ್ಪಿಕೋಬೇಕಿತ್ತು. ನಾಚಿಕೆಯಾಯ್ತು. ಆ ನಾಚಿಕೇಲೇ ಅವಳ ಮೇಲೆ ಹಾಕಿದೆ.”

ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಕ್ಕ ಕಾದಳು, ಈಗ ಎದೆ ಹಗುರಾಗುತ್ತದೆ ಎಂದು. ಆಗಲಿಲ್ಲ. ಇಷ್ಟೇನಾ ಎಂದಿತು ಎದೆ. ಒಂದು ಮಾತು, ಅದೂ ಬಾಯಾರಿಕೆಗೆ ಆಡಿದ್ದು, ಒಂದು ತಂಗಿಗೆ ಸಮವಾಯಿತೇ? ಅವಳ ಸಿಟ್ಟು ತಣಿಯುವ ಬದಲು, ಬೆಂಕಿಗೆ ಎಣ್ಣೆ ಬಿದ್ದ ಹಾಗೆ ಎದ್ದಿತು. ತಂಗಿ ಹೋದ ಹಾಗೆಯೇ ಇವನು ಹೋಗಲಿ. ಬಾಯಿಗೆ, ಮೂಗಿಗೆ, ಎದೆಗೆ ನೀರು ಹೊಕ್ಕು ಹೋಗಲಿ.

ಅವಳು ಕೆರೆಯ ಕಡೆ ತಿರುಗಿ ನೀರನ್ನು ಕರೆದಳು. ನೀರು ಎದ್ದು ನಿಂತಿತು.

ಯಾರಿಗೆ?

ಈ ಮುದುಕನಿಗೆ.

ಎಲ್ಲಿಯ ತನಕ?

ಇವನು ನನ್ನ ತಂಗಿಯನ್ನು ತಂದುಕೊಡುವ ತನಕ.

ಯಾರ ಹೊಣೆ?

ನನ್ನದು.

ಅವಳು ಹೇಳಿದ್ದು ಪ್ರಶ್ನೆಯ ನುಡಿಯಲ್ಲಿ. ಸಾಲಿನಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಅಜ್ಜನ ಬೊಗಸೆಗೆ ನೀರು ಬಂದದ್ದಷ್ಟೇ ಅವರಿಗೆ ಕಂಡಿತು.

“ಕೊಟ್ಟಳು ನೋಡ್ರಪ್ಪ,” ಎಂದರು. “ಅಕ್ಕನ ಮನಸ್ಸು ದೊಡ್ಡದು.”

ಅಜ್ಜ ಕಣ್ಣು ಮುಚ್ಚಿ ಕುಡಿದ. ಗಂಟಲಿನ ಗಂಟು ಮೇಲೆ ಕೆಳಗೆ ಆಡಿತು. ಹೊಟ್ಟೆ ತುಂಬಿ ತಲೆಯೆತ್ತಿದ. ಬೊಗಸೆ ಇನ್ನೂ ತುಂಬಿ ಚೆಲ್ಲುತ್ತಿತ್ತು. ಬೊಗಸೆ ಬಿಟ್ಟ. ನೀರು ಅವನ ಪಾದದ ಸುತ್ತ ನಿಂತು ಏರಿತು. ರೂಢಿಯ ಮೇಲೆ ಸಾಕು ಎಂದ. ನೀರು ಕೇಳಲಿಲ್ಲ. ಅಜ್ಜ ಅವಳ ಮುಖ ನೋಡಿದ.

“ಏನು ಹೇಳಿದೆ ಇದಕ್ಕೆ?”

ಅವನಿಗೆ ತಿಳಿಯಲಿ ಎಂದೇ ಅವಳು ಎಲ್ಲರ ಮಾತಿನಲ್ಲಿ ಹೇಳಿದಳು. “ನನ್ನ ತಂಗೀನ ನೀನು ತಂದುಕೊಡೋ ತನಕ ಹರಿ ಅಂದೆ.”

ಅಜ್ಜ ಹೆದರುತ್ತಾನೆ, ಗುಡ್ಡದ ಕಡೆ ಓಡುತ್ತಾನೆ, ನೀರು ಅಟ್ಟಿಸಿಕೊಂಡು ಹೋಗುತ್ತದೆ, ತಾನು ನಿಂತು ನೋಡಬಹುದು ಎಂದುಕೊಂಡಿದ್ದಳು ಅಕ್ಕ. ಅವನು ಓಡಲಿಲ್ಲ. ಶಲ್ಯದ ಗಂಟು ಬಿಚ್ಚಿ, ಅದರಲ್ಲಿದ್ದ ಕಲ್ಲಿನ ಪುಡಿಯನ್ನು ಮೆಟ್ಟಿಲ ಮೇಲೆ ಸುರಿದ.

“ತರೋಕೆ ಹೋಗ್ಬೇಕಲ್ಲ ಹಾಗಾದರೆ,” ಎಂದ. “ಎಲ್ಲಿ ಬಿಟ್ಟೆನೋ ಅಲ್ಲಿಂದಲೇ ಹುಡುಕಬೇಕು.”

ಅವನು ಇಳಿಜಾರಿನಲ್ಲಿ ಇಳಿದ. ನೀರು ಕರುವಿನ ಹಾಗೆ ಅವನ ಹಿಂದೆ ಹೋಯಿತು. ಬೋಗುಣಿಯ ತಳಕ್ಕೆ, ಆವಿಗೆಯ ಪಕ್ಕದ ಸೊಪ್ಪಿನ ಮಡಿಗೆ ಹೋಗಿ ಅವನು ಕುಕ್ಕರುಗಾಲಿನಲ್ಲಿ ಕೂತ. ಮೊಣಕಾಲು ಮುಳುಗಿತು, ಎದೆ ಮುಳುಗಿತು. ಜನ ಎದ್ದು ಬಾರೋ ಎಂದು ಕೂಗಿದರು. ಕುಂಬಾರಗಿತ್ತಿ ಸೊಂಟದುದ್ದ ನೀರಿಗೆ ಇಳಿದು ಅವನ ರಟ್ಟೆ ಹಿಡಿದು ಎಳೆದಳು. ಅವನು ಏಳಲಿಲ್ಲ. ನೀರಿನ ಮೇಲೆ ಶಲ್ಯ ಬಿಚ್ಚಿಕೊಂಡು ತೇಲಿತು. ಆಮೇಲೆ ಶಲ್ಯವೊಂದೇ ಉಳಿಯಿತು.

ಅಕ್ಕ ತೂಬಿನ ಮೇಲೆ ನಿಂತು ನೋಡಿದಳು. ಆಯಿತು ಎಂದುಕೊಂಡಳು. ಬಾಯಲ್ಲಿ ಒಂದು ಗಳಿಗೆ ಸಿಹಿ ಬಂದು ಹೋಯಿತು.

ಅವಳಿಗೆ ಆದದ್ದು ನೀರಿಗೆ ಆಗಿರಲಿಲ್ಲ. ಮುದುಕನಿಗೆ ಹರಿಯಬೇಕು, ಹರಿಯುತ್ತಿತ್ತು. ಮುದುಕ ತಂಗಿಯನ್ನು ತರಬೇಕು, ತಂದಿರಲಿಲ್ಲ. ನೀರು ಆವಿಗೆಗೆ ನುಗ್ಗಿತು. ಸುಡಲೆಂದು ಪೇರಿಸಿದ್ದ ಹಸಿ ಮಡಕೆಗಳು ಕರಗಿ ಮಣ್ಣಾದವು. ಕೆಳಗಿನ ಬೀದಿ ಹೋಯಿತು. ನಡು ಬೀದಿ ಹೋಯಿತು. ಅಕ್ಕ ಮನೆಯ ಗೂಡಿನಲ್ಲಿ ಮತ್ತೆ ಬೋರಲು ಹಾಕಿಟ್ಟಿದ್ದ ತಾಮ್ರದ ತಂಬಿಗೆ ಹೊರಬಂದು, ನೀರಿನ ಮೇಲೆ ನೆಟ್ಟಗೆ ನಿಂತು ತೇಲಿತು. ಜನ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಮಂಟಪಕ್ಕೆ ಹತ್ತಿದರು.

“ನಿಲ್ಲಿಸು!” ಎಂದು ಕುಂಬಾರಗಿತ್ತಿ ಒದ್ದೆ ಸೀರೆಯಲ್ಲಿ ನಡುಗುತ್ತಾ ಅವಳ ಭುಜ ಹಿಡಿದು ಅಲುಗಾಡಿಸಿದಳು. “ನಿನ್ನ ನುಡಿ ತಾನೇ, ನಿಲ್ಲು ಅನ್ನು!”

“ಇದರಲ್ಲಿ ಆ ಮಾತಿಲ್ಲ, ದೊಡ್ಡವ್ವ.”

“ಹಾಗಾದರೆ ತಿದ್ದು! ಉಳಿ ತಗೋ! ಇಲ್ಲದಿದ್ದರೆ ನಮಗಾದರೂ ಹೇಳು, ಎಲ್ಲಿ ಏನು ಬರೆದಿದೆ ಅಂತ!”

“ಇಲ್ಲದ ಮಾತನ್ನ ಎಲ್ಲಿ ಅಂತ ತೋರಿಸಲಿ? ಕೊನೆ ಬಂದರೆ ತಾನೇ ನಿಲ್ಲುತ್ತೆ.”

“ಅವಳು ಬರ್ತಾಳೇನೇ? ಸತ್ತವಳು ಬರ್ತಾಳೇನೇ?” ಕುಂಬಾರಗಿತ್ತಿಯ ಧ್ವನಿ ಬಿರಿಯಿತು. “ಹೊಣೆ ಯಾರದು ಅಂದೆ?”

ಅಕ್ಕನಿಗೆ ಆಗ ಕಲಿಸುವವಳ ಮಾತು ಕೇಳಿಸಿತು. ಅಂದು ದಾಟಿ ಬಾರದಿದ್ದ ಮಾತು ಈಗ ಸರಾಗವಾಗಿ ಬಂತು. ನಡುವೆ ಅಡ್ಡ ಕೂತಿದ್ದ ಮುದುಕ ಈಗ ಇರಲಿಲ್ಲ.

“ನನ್ನದು ಅಂದೆ,” ಎಂದಳು.

ಜನ ಒಬ್ಬೊಬ್ಬರೇ ಅವಳಿಂದ ಸರಿದು ನಿಂತರು. ಕುಂಬಾರಗಿತ್ತಿ ಕೊನೆಗೆ ಕೈ ಬಿಟ್ಟಳು.

ಅಕ್ಕ ಕೊನೆಯ ಕಂಬದ ಬುಡಕ್ಕೆ ಓಡಿದಳು. ಮೊಣಕಾಲೂರಿ ಕೂತು ಗುಳಿಯಲ್ಲಿ ಕೈಯಿಟ್ಟು ತಡವಿದಳು. ಒಂದು ಗೆರೆಯಾದರೂ ಉಳಿದಿದೆಯೇ ಎಂದು ಬೆರಳಾಡಿಸಿದಳು. ಅವಳ ಕೆಲಸ ಅಚ್ಚುಕಟ್ಟು, ಏನೂ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಅಜ್ಜ ಸುರಿದು ಹೋದ ಪುಡಿಯನ್ನು ಎರಡೂ ಕೈಯಲ್ಲಿ ಬಾಚಿ ತಂದು ಗುಳಿಗೆ ತುಂಬಿ ಒತ್ತಿದಳು. ಪುಡಿ ನಿಲ್ಲಲಿಲ್ಲ.

ಆಗ ಅವಳು ನೀರಿನ ಕಡೆ ತಿರುಗಿ, ಅಜ್ಜನ ನುಡಿಯಲ್ಲಿ, ಎದೆ ಬಿರಿಯುವ ಹಾಗೆ ಕೂಗಿದಳು.

“ಸಾಕು!”

ಇನ್ನೊಮ್ಮೆ ಕೂಗಿದಳು. ಕುಂಬಾರಗಿತ್ತಿ ಕೂಗಿದಳು, ತಾಯಂದಿರು ಕೂಗಿದರು, ಕಂಕುಳಲ್ಲಿದ್ದ ಮಕ್ಕಳೂ ಕೂಗಿದವು. ಅಲ್ಲಿ ಯಾರಿಗೂ ಮರೆತುಹೋಗಿರದ ಮಾತು ಅದು. ಊರಿಗೆ ಊರೇ ಬಾಗಿಲಿಲ್ಲದ ಮಂಟಪದಲ್ಲಿ ನಿಂತು ಸಾಕು ಸಾಕು ಎಂದು ಕೂಗಿತು. ನೀರು ಮಂಟಪದ ಮೊದಲ ಮೆಟ್ಟಿಲು ಹತ್ತಿತು.